ಸೇಫ್ ಅಂದ ಕೌನ್ಸಿಲರ್

ಬೆಳಗ್ಗೆ ಒಂಬತ್ತಕ್ಕೆ ರೇಡಿಯೋದಲ್ಲಿ ಸತ್ತವರ ಹೆಸರು ಓದುವಾಗ ಜಾರ್ಲತ್ ಟಾರ್ಪಿಯ ಮನೆಯಲ್ಲಿ ಯಾರೂ ಚಮಚ ಕೂಡ ಅಲ್ಲಾಡಿಸುವಂತಿರಲಿಲ್ಲ. ಮೇಯೋ ಕೌಂಟಿಯಲ್ಲಿ ಇಪ್ಪತ್ತು ವರ್ಷ ಕೌನ್ಸಿಲರ್ ಆಗಿ ಉಳಿಯುವುದೆಂದರೆ ಹುಡುಗಾಟವೇ? ರಸ್ತೆ ಹಾಕಿಸಿದ್ದನ್ನು ಜನ ಮರೆಯುತ್ತಾರೆ, ಚರಂಡಿ ತೋಡಿಸಿದ್ದನ್ನು ಮಾರನೇ ಮಳೆಗೇ ಮರೆಯುತ್ತಾರೆ. ಆದರೆ ಅಪ್ಪ ಸತ್ತ ದಿನ ಯಾರು ಬಂದು ಕೈ ಹಿಡಿದರು, ಯಾರು ಬರಲಿಲ್ಲ ಅನ್ನುವುದನ್ನು ಮೊಮ್ಮಕ್ಕಳಿಗೂ ಹೇಳಿ ಸಾಯುತ್ತಾರೆ. ಅದಕ್ಕೇ ಜಾರ್ಲತ್ ಪೆನ್ಸಿಲ್ ಹಿಡಿದು ಕೂತು ಹೆಸರು, ಊರು, ಮಣ್ಣು ಮಾಡುವ ಹೊತ್ತು ಎಲ್ಲ ಬರೆದುಕೊಳ್ಳುತ್ತಿದ್ದ. ಹೆಂಡತಿ ಡಿಂಪ್ನಾ ಕಪ್ಪು ಕೋಟನ್ನು ಬ್ರಷ್ ಮಾಡಿ ಬಾಗಿಲ ಹಿಂದೆ ನೇತುಹಾಕುತ್ತಿದ್ದಳು.

ಆ ದಿನ ಸತ್ತವನು ಕೋಲ್ಮನ್ ಗಿಲ್‌ರಾಯ್. ಅವನ ಮನೆಯಲ್ಲಿ ಒಂಬತ್ತು ಓಟು. ಜಾರ್ಲತ್ ಹೋದ, ಮುಂಗೋಣೆಯಲ್ಲಿ ಶವದ ಪೆಟ್ಟಿಗೆಯ ಪಕ್ಕ ಸಾಲಾಗಿ ಕೂತಿದ್ದ ಗಂಡುಮಕ್ಕಳ ಕೈ ಒಂದೊಂದಾಗಿ ಹಿಡಿದು, "ನಿಮ್ಮ ದುಃಖಕ್ಕೆ ಮರುಗ್ತೀನಪ್ಪ" ಅಂದ. ಸಾವಿನ ಮನೆಯಲ್ಲಿ ಎಲ್ಲರೂ ಅನ್ನುವುದು ಅದೇ ಮಾತು, ಬೇರೆ ಮಾತು ಅಲ್ಲಿಲ್ಲ. ಆದರೆ ಅದನ್ನು ಹೇಳುವುದರಲ್ಲಿ ಜಾರ್ಲತ್‌ನನ್ನು ಮೀರಿಸುವವರು ಇಲ್ಲ ಅಂತ ಇಡೀ ಸೀಮೆಗೇ ಗೊತ್ತಿತ್ತು. ಎಡಗೈ ಭುಜದ ಮೇಲೆ, ಬಲಗೈ ಕೈಯಲ್ಲಿ, ಕಣ್ಣು ನೆಲದ ಮೇಲೆ. ಮುಗಿಸಿಕೊಂಡು ಒಂದು ಲೋಟ ಟೀ ಕುಡಿಯೋಣ ಅಂತ ಅಡುಗೆಮನೆಗೆ ಬಂದರೆ, ಅಲ್ಲಿ ಎತ್ನಾ ಡರ್ಕನ್ ಅಂಗಿಯ ತೋಳು ಮಡಚಿಕೊಂಡು ಬಟ್ಟಲು ತೊಳೆಯುತ್ತಿದ್ದಳು.

"ಬೆಳಗ್ಗೆ ಆರು ಗಂಟೆಯಿಂದ ಇಲ್ಲೇ ಇದಾಳೆ ಕೌನ್ಸಿಲರೇ," ಅಂದಳು ಗಿಲ್‌ರಾಯ್ ವಿಧವೆ, ಮೂಗು ಒರೆಸಿಕೊಳ್ಳುತ್ತ. "ಎರಡು ದೊಡ್ಡ ತಟ್ಟೆ ಸ್ಯಾಂಡ್‌ವಿಚ್ ಒಬ್ಬಳೇ ಮಾಡಿದ್ಲು. ಬಂಗಾರದಂಥ ಹುಡುಗಿ."

ಜಾರ್ಲತ್ ನಕ್ಕ. ಬಿಸಿ ಟೀ ಗಂಟಲಿಗೆ ಇಳಿಯುವ ಮುಂಚೆಯೇ ಹೊಟ್ಟೆಯೊಳಗೆ ಉರಿ ಹತ್ತಿಕೊಂಡಿತು. ಇಪ್ಪತ್ತು ವರ್ಷ ಸಾವಿನ ಮನೆ ಸುತ್ತಿದವನಿಗೆ ಬಟ್ಟಲು ತೊಳೆಯಬಹುದು ಅಂತ ಒಂದು ದಿನವಾದರೂ ಹೊಳೆದಿತ್ತೇ? ಈ ಮೂವತ್ತನಾಲ್ಕರ ಹುಡುಗಿಗೆ ಹೊಳೆದಿದೆಯಲ್ಲ.

ಬೇರೆ ಪಕ್ಷದವಳಾಗಿದ್ದರೆ ಈ ಉರಿ ಅವನಿಗೆ ಹಿತವಾಗಿಯೇ ಇರುತ್ತಿತ್ತು. ಎತ್ನಾ ಅವನದೇ ಪಕ್ಷದವಳು. ಐರ್ಲೆಂಡಿನ ಓಟಿನ ಚೀಟಿಯ ಕಥೆಯೇ ಹಾಗೆ. ಅಲ್ಲಿ ಒಬ್ಬನಿಗೆ ಮುದ್ರೆ ಒತ್ತಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಿಮಗೆ ಬೇಕಾದವನಿಗೆ ಒಂದು ಅಂತ ಬರೆಯಿರಿ, ಅವನ ನಂತರ ಯಾರು ಬೇಕೋ ಅವರಿಗೆ ಎರಡು, ಆಮೇಲೆ ಮೂರು. ನಿಮ್ಮ ಒಂದನೆಯವನು ಬಿದ್ದುಹೋದರೆ ನಿಮ್ಮ ಚೀಟಿ ಎರಡನೆಯವನ ಗುಡ್ಡೆಗೆ ಹೋಗುತ್ತದೆ. ಬೀಳದೆ ಓಟದಲ್ಲಿ ಉಳಿದರೆ ಆ ಎರಡು ಬರೀ ಪೆನ್ಸಿಲ್ ಗೀಚು. ಅವರ ಕಡೆ ಸೀಟು ನಾಲ್ಕು, ಪಕ್ಷಕ್ಕೆ ಎರಡು ಬೇಕು ಅಂತ ಆಸೆ, ಅದಕ್ಕೇ ಇಬ್ಬರನ್ನು ನಿಲ್ಲಿಸಿತ್ತು. ಪಕ್ಷ ಹಂಚಿಕೊಟ್ಟ ಹಾಗೆ ಹೊಳೆಯ ಈಚೆಯ ಮನೆಗಳೆಲ್ಲ ಜಾರ್ಲತ್‌ಗೆ ಒಂದು, ಎತ್ನಾಗೆ ಎರಡು. ಸೇತುವೆ ದಾಟಿದರೆ ಎತ್ನಾಗೆ ಒಂದು, ಜಾರ್ಲತ್‌ಗೆ ಎರಡು. ಹೊರಗಿನವರಿಗೆ ಅಣ್ಣತಂಗಿಯ ಹಾಗೆ ಕಂಡರೂ ಒಂದೇ ಪಕ್ಷದ ಇಬ್ಬರು ಒಂದೇ ರೊಟ್ಟಿಗೆ ಬಾಯಿ ಹಾಕಿದವರು. ಎದುರು ಪಕ್ಷದವನ ಮನೆಯ ಓಟು ಹೇಗೂ ಸಿಗುವುದಿಲ್ಲ, ಕಸಿಯುವುದಾದರೆ ಜೊತೆಗಾರಳಿಂದಲೇ ಕಸಿಯಬೇಕು.

ಮಾರ್ಚ್‌ನಲ್ಲಿ ಅವಳನ್ನು ಕರೆದುಕೊಂಡು ಹೋಗಿ ಮನೆಮನೆ ತಿರುಗುವುದನ್ನು ಕಲಿಸಿದವನೂ ಇವನೇ. ಪಕ್ಷದ ಮೇಲಿನವರು ಹೇಳಿದ್ದರು, ತಪ್ಪಿಸಿಕೊಳ್ಳುವಂತಿರಲಿಲ್ಲ. ಒಂದು ಮನೆಯ ಬಾಗಿಲಲ್ಲಿ ಮುದುಕನೊಬ್ಬ, "ನಿಮ್ಮನ್ನ ಮರೀತೀವಾ, ಬಿಡಿ ಕೌನ್ಸಿಲರೇ" ಅಂತ ನಗುನಗುತ್ತ ಬಾಗಿಲು ಹಾಕಿಕೊಂಡ.

"ಪರವಾಗಿಲ್ಲ, ಈ ಮನೆ ನಮ್ಮದೇ," ಅಂದಳು ಎತ್ನಾ.

"ಹುಚ್ಚಿ. ಈ ಮನೆ ಹೋಯ್ತು," ಅಂದ ಜಾರ್ಲತ್. "ಓಟು ಹಾಕೋನು ನಿನ್ನ ಮುಂದೆ ನಿಂತು ಚರಂಡಿ, ರಸ್ತೆ, ಮಗನ ಕೆಲಸ ಅಂತ ಅರ್ಧ ಗಂಟೆ ಬಯ್ತಾನೆ. ಹಾಕದೇ ಇರೋನು ಮಾತ್ರ ಮರೀತೀವಾ ಬಿಡಿ ಅಂತಾನೆ. ಆ ಧ್ವನಿ ಕೇಳ್ಕೊಂಡ್ಯಾ? ಸಕ್ಕರೆ ಜಾಸ್ತಿ. ಇನ್ಮೇಲೆ ನಿನ್ನ ಕಿವಿಗೂ ಸಿಗುತ್ತೆ ನೋಡು."

"ಇನ್ನೊಂದು ಹೇಳಿ," ಅಂದಳು ಅವಳು, ನಿಜವಾದ ಆಸಕ್ತಿಯಿಂದ.

"ಇನ್ನೊಂದೇ. ಯಾರಾದ್ರೂ ನೀನು ಸೇಫ್ ಅಂತ ಅಂದ್ರೆ ಅಲ್ಲೇ ರಸ್ತೆ ಮೇಲೆ ಕೂತು ಅತ್ತುಬಿಡು. ಆ ಮಾತು ಹಬ್ಬಿದ್ರೆ ಮುಗೀತು. ಇವಳು ಹೇಗೂ ಗೆಲ್ತಾಳೆ, ಪಾಪ ಇನ್ನೊಬ್ಬರಿಗೆ ಹಾಕೋಣ ಅಂತ ನಿನ್ನ ಸ್ವಂತ ಅಕ್ಕ ಕೂಡ ನಿನಗೆ ಎರಡು ಹಾಕ್ತಾಳೆ. ನಾನು ನಾಲ್ಕು ಸಲ ಸೋತೆ ಸೋತೆ ಅಂತ ಅತ್ತೇ ನಾಲ್ಕು ಸಲ ಗೆದ್ದಿರೋದು."

ಎತ್ನಾ ಬಿದ್ದುಬಿದ್ದು ನಕ್ಕಳು. ಜಾರ್ಲತ್‌ಗೂ ಆಗ ಅವಳ ಮೇಲೆ ಅಂಥ ಸಿಟ್ಟೇನೂ ಇರಲಿಲ್ಲ, ಸುಳ್ಳು ಯಾಕೆ ಹೇಳಬೇಕು.

ಸಿಟ್ಟು ಬೆಳೆದದ್ದು ಆಮೇಲೆ, ಒಂದೊಂದೇ ಕಡ್ಡಿ ಸೇರಿ. ಅವನು ಆರು ವರ್ಷದಿಂದ ಹಾಕಿಸ್ತೀನಿ ಹಾಕಿಸ್ತೀನಿ ಅಂತಿದ್ದ ಶಾಲೆ ತಿರುವಿನ ದೀಪ ಅವಳು ಎರಡು ಫೋನ್ ಮಾಡಿದ್ದಕ್ಕೆ ಬಂತು. ಅವಳ ಪೋಸ್ಟರು ಪ್ರತಿ ಕಂಬದಲ್ಲೂ ಅವನ ಮುಖಕ್ಕಿಂತ ಎರಡು ಅಡಿ ಮೇಲೆ. ಅವಳ ತಮ್ಮ ಎಲೆಕ್ಟ್ರಿಷಿಯನ್, ಉದ್ದ ಏಣಿ ಇತ್ತು, ಅಷ್ಟೇ ವಿಷಯ. ಆದರೂ ಕಾರಿನಲ್ಲಿ ಹೋಗುವಾಗ ಹತ್ತು ಮೈಲಿ ಉದ್ದಕ್ಕೂ ಅವಳು ಮೇಲಿನಿಂದ ತನ್ನ ತಲೆ ನೋಡಿ ನಗುತ್ತಿದ್ದಾಳೆ ಅನ್ನಿಸಿ ಅವನ ಮೈಯೆಲ್ಲ ಉರಿಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕಡ್ಡಿ ಅವನ ಮನೆಯೊಳಗೇ ಬಿತ್ತು. ಒಂದು ಸಂಜೆ ಅವನು ಮನೆಗೆ ಬಂದರೆ ಎತ್ನಾ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಾಳೆ, ಡಿಂಪ್ನಾ ಮದುವೆಯ ಬಟ್ಟಲುಗಳನ್ನು ಇಳಿಸಿದ್ದಾಳೆ. ಆ ಬಟ್ಟಲುಗಳು ಪಾದ್ರಿ ಬಂದಾಗ ಬಿಟ್ಟರೆ ಬೀರುವಿನಿಂದ ಹೊರಗೆ ಬಂದದ್ದಿಲ್ಲ. ಪಕ್ಕದ ಮನೆಯಲ್ಲಿದ್ದ ಡಿಂಪ್ನಾಳ ತಂಗಿಯರಿಬ್ಬರೂ ಬಂದಿದ್ದಾರೆ. ಎತ್ನಾ ಏನೋ ಹೇಳಿದಳು, ಡಿಂಪ್ನಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಾಗಿಲಲ್ಲಿ ನಿಂತ ಜಾರ್ಲತ್‌ಗೆ ಹೆಂಡತಿ ತನ್ನ ಮಾತಿಗೆ ಹಾಗೆ ನಕ್ಕದ್ದು ಯಾವ ವರ್ಷ ಅಂತ ನೆನಪೇ ಆಗಲಿಲ್ಲ.

"ಏನು ಅಂಥ ತಮಾಷೆ?" ಅಂದ.

"ಏನಿಲ್ಲ, ಹೆಂಗಸರ ಮಾತು," ಅಂದಳು ಡಿಂಪ್ನಾ, ನಗು ಒರೆಸಿಕೊಂಡು.

ಎತ್ನಾ ಹೋದ ಮೇಲೆ ಅವನು ಮೇಜಿನ ಮೇಲಿನ ರೂಬಾರ್ಬ್ ದಂಟಿನ ಸಿಹಿ ಕಡುಬಿನ ತಟ್ಟೆ ನೋಡಿದ. ಒಂದೇ ತುಂಡು ಉಳಿದಿತ್ತು. "ಹೊಳೆ ಈಚೆ ಅವಳಿಗೇನು ಕೆಲಸ? ಇದು ನನ್ನ ಕಡೆ."

"ನನ್ನ ಹತ್ರ ಓಟು ಕೇಳೋಕೆ ಬಂದಿಲ್ಲ ಅವಳು. ಅಮ್ಮನ ಮಂಡಿ ಹೇಗಿದೆ ಅಂತ ಕೇಳೋಕೆ ಬಂದಿದ್ಲು." ಡಿಂಪ್ನಾಳ ತಾಯಿ ಅವರ ಜೊತೆಯಲ್ಲೇ, ಹಿಂದಿನ ಕೋಣೆಯಲ್ಲಿದ್ದಳು. "ನೀನು ಕೇಳಿದ್ಯಾ?"

"ಒಂದೇ ಮನೇಲಿ ಇದೀನಲ್ಲ, ಕಾಣಲ್ವಾ ನನಗೆ?"

"ಅದೇ ನಾನೂ ಹೇಳ್ತಿರೋದು," ಅಂದು ಅವಳು ಬಟ್ಟಲು ಒರೆಸತೊಡಗಿದಳು.

ಚುನಾವಣೆಗೆ ಹತ್ತು ದಿನ ಇರುವಾಗ ಊರಿನ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬಂತು: ಡರ್ಕನ್ ಸೇಫ್, ಟಾರ್ಪಿಗೆ ಕಷ್ಟ.

ಫೆಸ್ಟಿ ರುವಾನ್ ಆ ಪತ್ರಿಕೆಯನ್ನು ಎದೆಗೆ ಅಪ್ಪಿಕೊಂಡು ಓಡಿ ಬಂದ. ಮೂವತ್ತು ವರ್ಷದಿಂದ ಎಣಿಕೆಯ ಹಾಲಿನಲ್ಲಿ ಕಟಕಟೆಯ ಮೇಲೆ ಬಗ್ಗಿ, ಚೀಟಿ ಬಿಚ್ಚುವಾಗಲೇ ಯಾರಿಗೆಷ್ಟು ಅಂತ ಗೆರೆ ಹಾಕಿಕೊಳ್ಳುವ ಮನುಷ್ಯ ಅವನು. ಜಾರ್ಲತ್‌ನ ಬಲಗೈ. "ಲೋ, ಇದನ್ನ ಫ್ರೇಮ್ ಹಾಕಿಸಿ ಗೋಡೆಗೆ ಹೊಡಿ. ಕೈ ಮುಗಿದು ಕೇಳಿದ್ರೂ ಸಿಗಲ್ಲ ಇಂಥ ವರ. ಅವಳು ಸೇಫ್ ಅಂತೆ, ನೀನು ಸಾಯ್ತಿದೀಯಂತೆ. ಇನ್ನು ನೀನು ಮಾಡ್ಬೇಕಾದ್ದು ಒಂದೇ. ಮುಖ ಸಪ್ಪೆ ಮಾಡ್ಕೊಂಡು ಓಡಾಡು."

ಮುಖ ಸಪ್ಪೆ ಮಾಡಿಕೊಳ್ಳುವುದರಲ್ಲಿ ಜಾರ್ಲತ್ ನಿಪುಣ. ಆದರೆ ಅವನು ಆ ಅಕ್ಷರಗಳನ್ನು ನೋಡುತ್ತಲೇ ಇದ್ದ. ಅವಳ ಹೆಸರು ಮೊದಲು, ತನ್ನದು ಆಮೇಲೆ. ಅವಳು ಸೇಫ್. ಇಪ್ಪತ್ತು ವರ್ಷ ಮಳೆಯಲ್ಲಿ ನೆಂದು ಸಾವಿರ ಶವದ ಮುಂದೆ ಮಂಡಿಯೂರಿದವನು ತಾನು, ನಿನ್ನೆ ಬಂದವಳು ಸೇಫ್. ತಂತ್ರ ಅವನಿಗೆ ಗೊತ್ತಿರಲಿಲ್ಲವೇ? ತಂತ್ರ ಕಲಿಸಿದವನೇ ಅವನು. ಆದರೆ ಹೊಟ್ಟೆಕಿಚ್ಚಿಗೆ ಕಿವಿಯಿಲ್ಲ ನೋಡಿ. ಅವಳು ತನಗಿಂತ ಮುಂದಿದ್ದಾಳೆ ಅಂತ ಇನ್ನೊಬ್ಬರ ಬಾಯಲ್ಲಿ ಕೇಳಿ ತಲೆಯಾಡಿಸಿಕೊಂಡು ಹತ್ತು ದಿನ ಓಡಾಡಬೇಕಲ್ಲ, ಅದೊಂದು ಅವನಿಂದ ಆಗಲಿಲ್ಲ.

ಭಾನುವಾರ ಪೂಜೆ ಮುಗಿದು ಜನ ಇಗರ್ಜಿಯ ಗೇಟಿನ ಹತ್ತಿರ ಗುಂಪುಗುಂಪಾಗಿ ನಿಂತಿದ್ದರು. ಪೋಸ್ಟ್ ಆಫೀಸಿನ ಡೆಲಿಯಾ ಹತ್ತಿರ ಬಂದು ಅನುಕಂಪದಿಂದ ಅವನ ತೋಳು ಮುಟ್ಟಿದಳು. "ಪೇಪರಲ್ಲಿ ನೋಡ್ದೆ ಜಾರ್ಲತ್. ನಿಮಗೆ ಕಷ್ಟ ಅಂತೆ. ಆ ಹುಡುಗಿದೇನೂ ಚಿಂತೆ ಇಲ್ವಂತೆ."

"ಯಾರು ಹೇಳಿದ್ದು?" ಜಾರ್ಲತ್‌ನ ಧ್ವನಿ ತಾನಾಗಿಯೇ ಏರಿತು, ಐದಾರು ಗುಂಪು ತಿರುಗಿ ನೋಡಿದವು. "ಅವಳು ಮುಗಿದ್ಲು ಡೆಲಿಯಾ. ಪಾಪ, ಅವಳಿಗೆ ಹೇಳೋರಿಲ್ಲ ಅಷ್ಟೇ. ಹೊಳೆ ಆಚೆನೇ ಅವಳಿಗೆ ನಾನೂರು ಬೀಳಲ್ಲ. ನನ್ನ ಲೆಕ್ಕ ಕೇಳು. ನಾನು ಮೊದಲನೇ ಸುತ್ತಲ್ಲೇ ಒಳಗೆ. ನಾನು ಸೇಫ್."

ಗೋಡೆಯ ಹತ್ತಿರ ನಿಂತಿದ್ದ ಫೆಸ್ಟಿ ಬಾಯಲ್ಲಿದ್ದ ಪೈಪು ತೆಗೆದು ಕಣ್ಣು ಮುಚ್ಚಿಕೊಂಡ.

ಒಮ್ಮೆ ಹೇಳಿದ ಮಾತು ಅವನಿಗೆ ಎಷ್ಟು ಹಿತವಾಯಿತೆಂದರೆ ಸೋಮವಾರ ದನದ ಸಂತೆಯಲ್ಲೂ ಹೇಳಿದ, ಮಂಗಳವಾರ ಒಂದು ಮಣ್ಣಿನಲ್ಲೂ ಹೇಳಿದ. ಮನೆಯಲ್ಲಿ ಊಟದ ಮೇಜಿನಲ್ಲಂತೂ ಮೂರು ದಿನ ಅದೇ ಪಾರಾಯಣ. ಆಲೂಗಡ್ಡೆ ಸುಲಿಯುತ್ತ, "ನಾನು ಸೇಫ್. ಅವಳ ಗತಿ ನೆನೆಸ್ಕೊಂಡ್ರೆ ಅಯ್ಯೋ ಅನ್ಸುತ್ತೆ" ಅನ್ನುತ್ತಿದ್ದ. ಡಿಂಪ್ನಾ, ಅವಳ ತಾಯಿ, ಊಟಕ್ಕೆ ಬರುತ್ತಿದ್ದ ನಾದಿನಿಯರಿಬ್ಬರು, ದೊಡ್ಡ ನಾದಿನಿಯ ಗಂಡ, ಐವರೂ ಕೇಳಿಸಿಕೊಂಡರು.

ಬುಧವಾರ ಎತ್ನಾ ಅವನ ಕಾರಿನ ಮುಂದೆಯೇ ತನ್ನ ಕಾರು ನಿಲ್ಲಿಸಿ ಇಳಿದು ಬಂದಳು. "ಜಾರ್ಲತ್, ನೀವು ಸೇಫ್ ಅಂತ ಎಲ್ಲ ಕಡೆ ಹೇಳ್ತಿದೀರಂತೆ."

"ಹೇಳಿದ್ರೆ?"

"ಹೇಳ್ಬೇಡಿ. ನೀವೇ ಕಲಿಸಿದ್ದಲ್ವಾ ನನಗೆ? ನಿಮ್ಮ ಕಡೆಯವರೇ ನನ್ನ ಹತ್ರ ಬಂದು ನಿಂಗೇ ಒಂದು ಹಾಕ್ತೀವಿ ಅಂತಿದಾರೆ. ಬೇಡ, ಅವರಿಗೇ ಹಾಕಿ ಅಂತ ನಾನು ಹೇಳಿದ್ರೆ, ನೋಡು ಎಷ್ಟು ಒಳ್ಳೆಯವಳು ಅಂತಾರೆ. ನಾನೇನು ಮಾಡ್ಲಿ?"

ನಿಂತ ನಿಲುವಿನಲ್ಲೇ ಜಾರ್ಲತ್‌ಗೆ ನಖಶಿಖಾಂತ ಉರಿದುಹೋಯಿತು. ತನ್ನ ಜನ, ತನ್ನ ಕಡೆ, ಇವಳ ಬಾಯಲ್ಲಿ ದಾನದ ಮಾತು. "ಹೊಟ್ಟೆಕಿಚ್ಚಾಗ್ತಿದ್ಯಾ ಹುಡುಗಿ?" ಅಂದ, ತನ್ನ ಮನಸ್ಸಿನಲ್ಲಿದ್ದದ್ದನ್ನೇ ಅವಳ ಮೇಲೆ ಹಾಕಿ. "ಆಗುತ್ತೆ, ಆಗುತ್ತೆ. ಮೊದಲ ಸಲ ಸೋಲೋರಿಗೆಲ್ಲ ಹಾಗೇ."

"ಆಯ್ತು," ಅಂದು ಕಾರು ಹತ್ತಿದಳು.

ಶುಕ್ರವಾರ ಮತದಾನ, ಶನಿವಾರ ಪಟ್ಟಣದ ಆಟದ ಹಾಲಿನಲ್ಲಿ ಎಣಿಕೆ. ಮೇಜುಗಳ ಮೇಲೆ ಪೆಟ್ಟಿಗೆ ಒಂದೊಂದಾಗಿ ಸುರಿದು ಗುಮಾಸ್ತರು ಚೀಟಿ ಬಿಚ್ಚಿ ಮುಖ ಮೇಲೆ ಮಾಡಿ ಇಡುತ್ತಿದ್ದರು. ಕಟಕಟೆಯ ಈಚೆ ಫೆಸ್ಟಿ ಬಗ್ಗಿ ಗೆರೆ ಹಾಕುತ್ತಿದ್ದ. ಚೀಟಿ ಯಾರದೆಂದು ಗೊತ್ತಾಗದಿದ್ದರೂ ಪೆಟ್ಟಿಗೆ ಯಾವ ಶಾಲೆಯದು ಅಂತ ಗೊತ್ತಿರುತ್ತದಲ್ಲ, ಹಾಗಾಗಿ ಯಾವ ಊರು ಯಾರಿಗೆ ಕೈ ಕೊಟ್ಟಿತು ಅನ್ನುವುದು ಮಧ್ಯಾಹ್ನದೊಳಗೆ ಎಲ್ಲರಿಗೂ ತಿಳಿಯುತ್ತದೆ.

ಜಾರ್ಲತ್‌ನ ಸ್ವಂತ ಊರು ಕ್ಲೂನ್‌ಮೋರ್ ಶಾಲೆಯ ಪೆಟ್ಟಿಗೆ ತೆರೆದಾಗ ಅವನು ಫೆಸ್ಟಿಯ ಹೆಗಲಿಗೆ ಅಂಟಿಕೊಂಡು ನಿಂತ. ಹೋದ ಸಲ ಇಲ್ಲಿ ಇನ್ನೂರ ನಲವತ್ತು ಚೀಟಿಯಲ್ಲಿ ಅವನಿಗೆ ಒಂದು ಬಿದ್ದಿತ್ತು.

"ಎರಡು," ಅಂದ ಫೆಸ್ಟಿ, ತುಟಿಯಲ್ಲೇ. "ಎರಡು. ಎರಡು. ಒಂದು. ಎರಡು. ಮತ್ತೆ ಎರಡು."

"ಒಂದು ಯಾರಿಗೆ?"

"ಯಾರಿಗೆ ಅಂತ ಕೇಳ್ತೀಯಲ್ಲೋ. ಅವಳಿಗೆ." ಫೆಸ್ಟಿ ಕತ್ತು ಎತ್ತಲಿಲ್ಲ. "ಎಲ್ಲರಿಗೂ ನಿನ್ನ ಮೇಲೆ ಪ್ರೀತಿ ನೋಡು. ಒಬ್ಬರೂ ಮರೆತಿಲ್ಲ. ಎಲ್ಲರೂ ಎರಡು ಹಾಕಿದಾರೆ."

ಪೆಟ್ಟಿಗೆ ಮುಗಿದಾಗ ಅವನಿಗೆ ನೂರ ಐವತ್ತೊಂದು, ಅವಳಿಗೆ ಎಂಬತ್ತೆಂಟು. ಈ ಊರಿನಲ್ಲಿ ಅವಳಿಗೆ ಎಂಟು ಬಂದರೆ ಹೆಚ್ಚು ಅಂತ ಪಕ್ಷ ಲೆಕ್ಕ ಹಾಕಿತ್ತು. ಜಾರ್ಲತ್‌ಗೆ ಆಗ ಅರ್ಥವಾಯಿತು. ಊರವರಲ್ಲಿ ಒಬ್ಬನಿಗೂ ತನ್ನ ಮೇಲೆ ಸಿಟ್ಟಿರಲಿಲ್ಲ, ತಾನು ಹೇಳಿದ್ದನ್ನು ನಂಬಿದ್ದರು ಅಷ್ಟೇ. ಅವನು ಅವಳಿಗೆ ಕಿತ್ತು ಕೊಟ್ಟ ಕಿರೀಟ ಅದು, ತನ್ನ ತಲೆಯ ಮೇಲಿಂದ ತನ್ನ ಕೈಯಾರೆ.

ಸುತ್ತಿನ ಮೇಲೆ ಸುತ್ತು ನಡೆದು ಹಿಂದೆ ಬಿದ್ದವರು ಒಬ್ಬೊಬ್ಬರಾಗಿ ಉದುರಿದರು, ಮೂರು ಸೀಟು ತುಂಬಿದವು. ಸಂಜೆ ಆರಕ್ಕೆ ಉಳಿದದ್ದು ಒಂದು ಸೀಟು, ಇಬ್ಬರು ಮನುಷ್ಯರು, ಇಬ್ಬರೂ ಒಂದೇ ಪಕ್ಷ. ಎತ್ನಾ ಒಂಬತ್ತು ಓಟು ಮುಂದೆ. ಮತ್ತೆ ಎಣಿಸಿ ಅಂದ ಜಾರ್ಲತ್, ಎಣಿಸಿದರು, ಒಂಬತ್ತು ಒಂಬತ್ತೇ ಆಗಿತ್ತು. ಅವನಿಗೆ ಬಿದ್ದ ಆ ನೂರಾರು ಎರಡುಗಳನ್ನು ಯಾರೂ ತಿರುಗಿ ನೋಡಲಿಲ್ಲ, ಯಾಕೆಂದರೆ ಅವಳು ಬೀಳಲೇ ಇಲ್ಲ.

ಅವಳ ತಮ್ಮ ಮತ್ತು ಇನ್ನೊಬ್ಬ ಸೇರಿ ಅವಳನ್ನು ಹೆಗಲ ಮೇಲೆ ಎತ್ತಿದರು. ಇಲ್ಲೂ ಅವನಿಗಿಂತ ಎರಡು ಅಡಿ ಮೇಲೆ. ಇಳಿದವಳು ನೆಟ್ಟಗೆ ಅವನ ಹತ್ತಿರ ಬಂದು ಕೈ ನೀಡಿದಳು, ಅವಳ ಕಣ್ಣು ಕೆಂಪಾಗಿತ್ತು. "ನನಗೆ ಹೀಗೆ ಬೇಕಾಗಿರಲಿಲ್ಲ ಜಾರ್ಲತ್. ಇಬ್ಬರೂ ಒಟ್ಟಿಗೆ ಹೋಗ್ಬೇಕು ಅಂತಿದ್ದೆ." ಆ ಮಾತು ನಿಜ ಅಂತ ಗೊತ್ತಿದ್ದದ್ದೇ ಅವನಿಗೆ ಅತಿ ದೊಡ್ಡ ಸಂಕಟವಾಯಿತು. ಅವಳು ಒಂದಿಷ್ಟು ಮೆರೆದಿದ್ದರೆ ಉಪಕಾರವಾಗುತ್ತಿತ್ತು.

ಆಮೇಲೆ ಜನ ಸಾಲುಗಟ್ಟಿದರು. ಗಿಲ್‌ರಾಯ್‌ನ ಗಂಡುಮಕ್ಕಳು ಬಂದರು, ಡೆಲಿಯಾ ಬಂದಳು. ಒಬ್ಬೊಬ್ಬರೂ ಎಡಗೈ ಅವನ ಭುಜದ ಮೇಲಿಟ್ಟು, ಬಲಗೈಯಿಂದ ಕೈ ಹಿಡಿದು, ನೆಲ ನೋಡುತ್ತ ಅಂದರು, "ನಿಮ್ಮ ದುಃಖಕ್ಕೆ ಮರುಗ್ತೀನಿ ಜಾರ್ಲತ್." ಅವನೂ ಸಾವಿನ ಮನೆಯವರಂತೆ ಎಲ್ಲರಿಗೂ, "ಬಂದದ್ದು ಒಳ್ಳೆಯದಾಯ್ತು" ಅಂದ.

"ನಿನಗೆ ಕಲ್ಲು ಹೊಡೆಯೋಕೆ ಶತ್ರು ಬೇಕಿರ್ಲಿಲ್ಲ," ಅಂದ ಫೆಸ್ಟಿ, ಕಾರಿನವರೆಗೂ ಬಂದು. ಅಷ್ಟು ಅಂದು ಅತ್ತುಬಿಟ್ಟ.

ಜೂನ್ ತಿಂಗಳು, ಎಂಟು ಗಂಟೆಗೂ ಹೊಲದ ಮೇಲೆ ಬಿಸಿಲಿತ್ತು. ಮನೆಯಲ್ಲಿ ಮೇಜಿನ ಮೇಲೆ ಹ್ಯಾಮ್, ಕಂದು ರೊಟ್ಟಿ, ಗೆದ್ದು ಬರುವವನಿಗೆ ಅಂತ ಮಾಡಿದ ಕಡುಬು. ಮದುವೆಯ ಬಟ್ಟಲುಗಳು ಇಳಿದಿದ್ದವು. ಡಿಂಪ್ನಾ ರೇಡಿಯೋ ಆರಿಸಿ ಎದ್ದು ಬಂದು ಅವನ ಕೋಟು ಬಿಚ್ಚಿಸಿಕೊಂಡಳು.

"ಒಂಬತ್ತು," ಅಂದ ಜಾರ್ಲತ್, ಕುರ್ಚಿಗೆ ಕುಸಿದು.

"ಕೇಳ್ದೆ."

"ನಮ್ಮ ಶಾಲೆ ಪೆಟ್ಟಿಗೇಲಿ ಅವಳಿಗೆ ಎಂಬತ್ತೆಂಟು. ಯಾರು ಹಾಕಿದ್ರು ಅಂತ ಒಂದೊಂದೇ ಮನೆ ಲೆಕ್ಕ ಹಾಕ್ಕೊಂಡು ಬಂದೆ ದಾರಿ ಉದ್ದಕ್ಕೂ." ಅವನು ತಲೆಯೆತ್ತಿದ. "ನಮ್ಮ ಮನೆ ಬಿಟ್ಟು."

ಡಿಂಪ್ನಾ ಟೀ ಪಾತ್ರೆ ಕೆಳಗಿಟ್ಟಳು. "ಮನೆ ಬಿಡಬೇಡ. ಲೆಕ್ಕಕ್ಕೆ ಸೇರಿಸ್ಕೋ."

"ನೀನೂನಾ?"

"ನಾನು, ಅಮ್ಮ, ತಂಗಿಯರಿಬ್ಬರು, ದೊಡ್ಡವಳ ಗಂಡ ಮೈಕೆಲ್. ನೀನು ಸೇಫ್ ಅಂದ್ಯಲ್ಲ. ಈ ಮೇಜಿನ ಮುಂದೆ ಕೂತು ಮೂರು ದಿನ ಅಂದೆ. ಊರಿಗೆಲ್ಲ ಸೋಲ್ತೀನಿ ಸೋಲ್ತೀನಿ ಅಂತ ಸುಳ್ಳು ಹೇಳ್ತಿದ್ದೋನು ನೀನು. ಮನೇಲಿ ಹೇಳೋದಾದ್ರೂ ನಿಜ ಇರುತ್ತೆ ಅಂದ್ಕೊಂಡ್ವಿ. ಪಾಪ, ಆ ಹುಡುಗಿ ಮುಗಿದ್ಲು ಅಂದೆ. ಮುಗಿಯೋದು ಬೇಡ ಅನ್ನಿಸ್ತು."

ಐದು ಅಲ್ಲಿಂದ ಕಳೆದು ಐದು ಇಲ್ಲಿ ಕೂಡಿಸಿದರೆ ಹತ್ತು. ಒಂಬತ್ತಕ್ಕೆ ಒಂದು ಹೆಚ್ಚು. ಲೆಕ್ಕ ಅವನ ತಲೆಯಲ್ಲಿ ತಾನಾಗಿಯೇ ಆಗಿಹೋಯಿತು, ಇಪ್ಪತ್ತು ವರ್ಷದ ಅಭ್ಯಾಸ. ಆದರೆ ಅವನನ್ನು ಆಗ ಸುಡುತ್ತಿದ್ದದ್ದು ಸೀಟಲ್ಲ. ಅವಳು ಬಂದಾಗ ಹೊರಬಂದ ಬಟ್ಟಲು, ಆ ನಗು, ಈಗ ಈ ಒಂದು. ತನ್ನ ಹೆಂಡತಿ ಮತಗಟ್ಟೆಯ ಮರದ ಗೂಡಿನೊಳಗೆ ಒಬ್ಬಳೇ ನಿಂತು, ದಾರಕ್ಕೆ ಕಟ್ಟಿದ ಪೆನ್ಸಿಲ್ ಹಿಡಿದು, ಇನ್ನೊಬ್ಬಳ ಹೆಸರಿನ ಎದುರು ಅದನ್ನು ಬರೆದದ್ದು ಅವನ ಕಣ್ಣಿಗೆ ಕಟ್ಟಿತು.

"ಡಿಂಪ್ನಾ," ಅಂದ. "ಒಂದು ಕೇಳ್ತೀನಿ. ನಾನು ಆ ಮಾತು ಆಡ್ದೇ ಇದ್ದಿದ್ರೆ, ನನಗೇ ಒಂದು ಹಾಕ್ತಿದ್ಯಾ?"

ಅವಳು ಬೀರುವಿನ ಕಡೆ ತಿರುಗಿ ಸಕ್ಕರೆ ಡಬ್ಬಿ ತೆಗೆದಳು. ಅವನ ಬಟ್ಟಲಿಗೆ ಒಂದು ಚಮಚ ಹಾಕಿದಳು, ಇನ್ನೊಂದು ಹಾಕಿದಳು, ಕಲಕಿ ಅವನ ಮುಂದೆ ತಳ್ಳಿದಳು. ಆಮೇಲೆ ಮುಖ ತುಂಬ ನಗು ತಂದುಕೊಂಡು ಅವನನ್ನು ನೋಡಿದಳು.

"ನಿನ್ನನ್ನ ಮರೀತಿದ್ನಾ," ಅಂದಳು, "ಬಿಡು."